ಮೊದಲು ತೆರೆಯುವ ವಿಂಡೋಸ್

ಲಕ್ವ ಹೊಡೆದು ಚೇತರಿಸಿಕೊಂಡ ಮೇಲೆ ಫೋಟೋ ಸ್ಟುಡಿಯೋದ ಯಜಮಾನರಿಗೆ ಕಂಪ್ಯೂಟರಿನ ಹಳೆಯ ವಿಂಡೋಸ್ ಬಿಟ್ಟರೆ ಬೇರೇನೂ ತಲೆಗೆ ಹತ್ತುತ್ತಿರಲಿಲ್ಲ. ಹೊಸ ಪ್ರಿಂಟರ್ ಮಾತ್ರ ಹೊಸ ವಿಂಡೋಸೇ ಬೇಕೆಂದು ಹಟ ಹಿಡಿದಿತ್ತು.

“ಎರಡನ್ನೂ ಹಾಕಿಬಿಡಪ್ಪ” ಎಂದರು ಅವರ ಹೆಂಡತಿ, ಕಂಪ್ಯೂಟರ್ ರಿಪೇರಿಯವನಿಗೆ.

ಅವನು ತಲೆ ಕೆರೆದುಕೊಂಡ. “ಹಾಕಬಹುದು ಅಕ್ಕಾ. ಆದ್ರೆ ಕಂಪ್ಯೂಟರ್ ಒಂದೇ ಆದ್ರೂ ಲೈಸೆನ್ಸ್ ಬೇರೆಬೇರೆ ಬೇಕು. ಸುಮ್ನೆ ಹಳೇದನ್ನ ತೆಗೆಸಿಬಿಡಿ.”

“ಅವರ ಮುಂದೆ ಆ ಮಾತು ಎತ್ತಿದ್ರೆ ನೋಡು! ಇನ್ನೊಂದು ಲೈಸೆನ್ಸ್ ತಗೊಂಡು ಬಾ.”

ಕೊನೆಗೆ ಎರಡೂ ಕೂತವು. ರಿಪೇರಿಯವನು ಕೇಳಿದ: “ಆನ್ ಮಾಡಿದ್ರೆ ತಾನಾಗೇ ಯಾವುದು ತೆರೀಬೇಕು? ದಿನವಿಡೀ ಕೆಲಸ ಮಾಡೋರು ನೀವು, ಹೊಸದೇ ಇಡ್ಲಾ?”

ಒಳಕೋಣೆಯಲ್ಲಿ ಯಜಮಾನರು ಕೆಲಸಕ್ಕೆ ಹೊರಟವರಂತೆ ಎಡಗೈಯಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

“ಹಳೇದೇ ಇಡು” ಎಂದರು ಆಕೆ. “ಹೊಸದನ್ನ ನಾನು ಹುಡುಕ್ಕೋತೀನಿ.”