ಹದಿನೇಳು ಗಂಟೆ ತಡ

ಇದು ಕಾನೂನು ಚೆನ್ನಾಗಿ ಬಲ್ಲವರು ಹೇಳಬೇಕಾದ ಕತೆ. ಅಷ್ಟು ತಿಳಿಯದೆ ಹೇಳಲು ಹೊರಟಿದ್ದಕ್ಕೆ ಓದುವವರು ಮನ್ನಿಸಬೇಕು.

ಚನ್ನಪಟ್ಟಣ ತಾಲ್ಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಸುಮನಾ ರೈಟರ್. ದೂರು, ಬಂಧನ, ಕೋರ್ಟಿನ ಕಾಗದ ಎಲ್ಲವೂ ಅವಳ ಕೈಬರಹದಲ್ಲೇ ಆಗಬೇಕು. ಆ ಬೆಳಿಗ್ಗೆ ಅವಳ ಮುಂದೆ ನಿಂತಿದ್ದವನು ಗೋವಿಂದ, ಹೊಂಗನೂರಿನ ಮರಿಯಪ್ಪನ ರೇಷ್ಮೆಹುಳು ಮನೆಯಲ್ಲಿ ಹನ್ನೊಂದು ವರ್ಷದಿಂದ ಸೊಪ್ಪು ಹಾಕುತ್ತಿದ್ದ ಆಳು. ಎರಡು ಚೀಲ ಗೂಡು ಕದ್ದನೆಂದು ಮರಿಯಪ್ಪನೇ ದೂರು ಕೊಟ್ಟಿದ್ದ. ಹಿಂದಿನ ದಿನ ಸಂಜೆ ನಾಲ್ಕೂವರೆಗೆ ಹಿಡಿದು ತಂದಿದ್ದರು.

ಕೋರ್ಟಿನ ಕಾಗದಕ್ಕೆ ಸ್ವಂತ ಊರು ಬೇಕಿತ್ತು.

"ಹೊಂಗನೂರಿಗೆ ಬರೋಕ್ಮುಂಚೆ ಯಾವೂರಪ್ಪ?"

"ದೈಲೇಖ ಮೇಡಂ."

"ಯಾವ ತಾಲ್ಲೂಕು?"

"ನೇಪಾಳ್ದಲ್ಲೈತೆ ಮೇಡಂ."

ಸುಮನಾಳ ಪೆನ್ನು ನಿಂತಿತು. ನಿನ್ನೆ ಬಂಧನದ ಕಾಗದದಲ್ಲಿ ರಾಷ್ಟ್ರೀಯತೆಯ ಎದುರು ಅವಳೇ 'ಭಾರತೀಯ' ಎಂದು ಬರೆದಿದ್ದಳು. ಕೇಳಬೇಕೆಂದು ತೋಚಿಯೂ ಇರಲಿಲ್ಲ. ಆತ ಮಾತಾಡುತ್ತಿದ್ದುದು ಅವಳ ಸೋದರಮಾವ ಮಾತಾಡುವ ಹಾಗೆಯೇ.

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಅಶ್ವಥ್ ನಕ್ಕ. "ಇವ್ನಾ ಫಾರಿನ್ನೋನು? ಮುದ್ದೆ ತೊಳ್ಸೋದ್ರಲ್ಲಿ ನಮ್ಮವ್ವನ್ನೇ ಮೀರಿಸ್ತಾನೆ ಮೇಡಂ."

ಅವಳಿಗೆ ನಗು ಬರಲಿಲ್ಲ. ಬೇರೆ ದೇಶದವನನ್ನು ಹಿಡಿದರೆ, 'ನಿನ್ನ ದೇಶದ ರಾಯಭಾರ ಕಚೇರಿಗೆ ತಿಳಿಸಬೇಕೆ?' ಎಂದು ತಡಮಾಡದೆ ಕೇಳಬೇಕು. ದೇಶಗಳು ಒಂದಕ್ಕೊಂದು ಬರೆದುಕೊಟ್ಟ ಮಾತು ಅದು, ಭಾರತವೂ ಒಪ್ಪಿದೆ. ರಾಮನಗರದಲ್ಲಿ ಸಂಜೆ ಲಾ ಕ್ಲಾಸಿಗೆ ಹೋಗುತ್ತಿದ್ದಾಗ ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದಳು. ಆಗ ಅದು ದೆಹಲಿಯವರ ಕೆಲಸ ಎನಿಸಿತ್ತು. ಈಗ ನೋಡಿದರೆ ಆ ಮಾತನ್ನು ಉಳಿಸಿಕೊಳ್ಳಬೇಕಾದ ಮೇಜು ಇದೇ.

ಅವಳು ಕೇಳಿದಳು. ಗೋವಿಂದ ತಲೆಯಾಡಿಸಿದ. "ಬ್ಯಾಡ ಮೇಡಂ. ಕಳ್ಳ ಅಂತ ಊರ್ಗೆಲ್ಲ ಗೊತ್ತಾಯ್ತದೆ. ಅಲ್ಲಿ ಅವ್ವ ಅವ್ಳೆ."

"ಜಾಮೀನಿಗೆ ಯಾರಿದಾರೆ ನಿಂಗೆ?"

"ಯಾರವ್ರೆ? ಇದ್ದಿದ್ದು ಮರಿಯಪ್ಪನೋರು."

ಸಬ್‌ಇನ್‌ಸ್ಪೆಕ್ಟರ್ ನಟರಾಜು ಎಲ್ಲವನ್ನೂ ಕೇಳಿಸಿಕೊಂಡರು. "ಬ್ಯಾಡ ಅಂದ್ನಲ್ಲ, ಸಲೀಸಾಯ್ತು. ನಿನ್ನೆ ಐದ್ ಗಂಟೇಲೇ ಕೇಳಿದ್ವಿ, ಬ್ಯಾಡ ಅಂದ ಅಂತ ಬರಿ."

"ನಿನ್ನೆ ಕೇಳಿಲ್ಲ ಸರ್."

"ಉತ್ತರ ಅದೇ ತಾನೇನಮ್ಮ? ಹದಿನೇಳ್ ಗಂಟೆ ತಡ ಮಾಡಿದ್ವಿ ಅಂತ ನಾವೇ ಬರ್ಕೊಟ್ರೆ ದೇಶದ ಮರ್ವಾದೆ ಏನಾಯ್ತದೆ? ತಪ್ಪು ನಿಂದೇ ಅನ್ನೋದು ಜ್ಞಾಪಕ ಐತಾ?"

"ಐತೆ ಸರ್."

ಸುಮನಾ ಮೇಜಿಗೆ ಮರಳಿದಳು. ಸುಳ್ಳು ಬರೆದರೆ ಕಾನೂನು ಪಾಲಿಸಿದಂತೆ ಕಾಣುತ್ತದೆ, ನಿಜ ಬರೆದರೆ ಮುರಿದಂತೆ. ನಿನ್ನೆಯೇ ಬೇಡ ಅಂದನೆಂದು ಬರೆದುಬಿಟ್ಟರೆ ಮುಂದೆ ಅವನನ್ನು ಇನ್ನೊಮ್ಮೆ ಕೇಳುವವರೂ ಇರುವುದಿಲ್ಲ. ಆಮೇಲೆ ಬರೆದಳು: ಬಂಧನ ನಿನ್ನೆ ನಾಲ್ಕೂವರೆ, ಹಕ್ಕು ತಿಳಿಸಿದ್ದು ಇಂದು ಒಂಬತ್ತೂವರೆ, ಮನೆಗೆ ಗೊತ್ತಾಗುತ್ತದೆಂದು ಆರೋಪಿ ಬೇಡವೆಂದ, ತಡವಾದದ್ದು ನಾನು ರಾಷ್ಟ್ರೀಯತೆ ವಿಚಾರಿಸದೆ ತಪ್ಪಾಗಿ ಬರೆದದ್ದರಿಂದ.

ಮಧ್ಯಾಹ್ನದೊಳಗೆ ಆರೋಪಿಯನ್ನು ಹಾಜರುಪಡಿಸಬೇಕಿತ್ತು. ಬೇರೆ ಬರೆಸಲು ಹೊತ್ತಿರಲಿಲ್ಲ. ನಟರಾಜು ಓದಿ ಸಹಿ ಹಾಕಿದರು. "ರೈಟರ್ ಕುರ್ಚಿ ಸಾಕಾಗೈತೆ ಅನ್ನು ನಿಂಗೆ."

ಕೋರ್ಟಿನಲ್ಲಿ ನ್ಯಾಯಾಧೀಶರು ಕಾಗದ ಓದುತ್ತಾ ಆ ಸಾಲಿನ ಹತ್ತಿರ ನಿಂತರು. ಕನ್ನಡಕ ತೆಗೆದು ಗೋವಿಂದನನ್ನೇ ಕೇಳಿದರು. "ಇದು ನಿನಗೆ ಮಾಡೋ ಉಪಕಾರ ಅಲ್ಲಪ್ಪ. ನಮ್ಮ ದೇಶ ಕೊಟ್ಟಿರೋ ಮಾತು. ಮನೆಗೆ ಹೇಳ್ಬೇಡಿ ಅಂತ ನೀನು ನಿಮ್ಮ ರಾಯಭಾರ ಕಚೇರಿಯವರನ್ನೇ ಕೇಳ್ಕೋಬಹುದು. ತಿಳಿಸೋಣವಾ?"

ಗೋವಿಂದ ಹಿಂದೆ ತಿರುಗಿ ಬೆಂಚಿನ ಮೇಲಿದ್ದ ಮರಿಯಪ್ಪನನ್ನು ನೋಡಿದ. ಹನ್ನೊಂದು ವರ್ಷ ಏನು ಮಾಡಬೇಕಾದರೂ ಆ ಮುಖ ನೋಡಿಯೇ ಮಾಡಿದವನು. ಮರಿಯಪ್ಪ ನೆಲ ನೋಡುತ್ತಿದ್ದ.

"ತಿಳ್ಸಿ ಸ್ವಾಮಿ," ಅಂದ ಗೋವಿಂದ.

ಅಂದೇ ಸುಮನಾ ದೆಹಲಿಯ ನೇಪಾಳ ರಾಯಭಾರ ಕಚೇರಿಗೆ ಪತ್ರ ಕಳಿಸಿದಳು. ಮುಂದಿನ ವಾರ ಅವಳನ್ನು ಹೆದ್ದಾರಿ ಬಂದೋಬಸ್ತಿಗೆ ಹಾಕಿದರು. ಕಾರಣ ಆ ಸಾಲೇ ಎಂದು ಯಾರೂ ಹೇಳಲಿಲ್ಲ. ಉತ್ತರ ಬಂದಿದ್ದರೆ ಹೊಸ ರೈಟರ್ ಕೈಗೆ ಬಂದಿರಬೇಕು. ಜಾಮೀನಿಲ್ಲದೆ ಜೈಲು ಸೇರಿದ ಗೋವಿಂದನನ್ನು ನೋಡಲು ಯಾರಾದರೂ ಹೋದರೋ ಇಲ್ಲವೋ, ಅವನು ಆ ಗೂಡು ಕದ್ದಿದ್ದನೋ ಇಲ್ಲವೋ, ಗೊತ್ತಿಲ್ಲ.