ಕ್ಷೌರ ಮಾಡಿಸಿಕೊಂಡ ಬಾಣಗಳು

ಒಂದು ಬಾಣಕ್ಕೆ ನಾಲ್ಕು ಕ್ಷೌರದ ದುಡ್ಡು, ಬಿಲ್ಲಿಗೆ ಇಡೀ ಬೇಸಿಗೆಯ ಗಳಿಕೆ. ಇಷ್ಟು ಸುರಿದರೂ ಕ್ಷೌರಿಕ ಬಿಲ್ಲುಗಾರರ ಸಂಘದಲ್ಲಿ ತನ್ನ ಅಕ್ಕನ ಗಂಡನ ಮುಂದೆ ಸೋಲುತ್ತಲೇ ಇದ್ದ. ಭಾವನದು ಬೇಕರಿ. ದೊಡ್ಡ ಪಂದ್ಯಕ್ಕೆ ಸಂಘದಿಂದ ಒಬ್ಬರನ್ನೇ ಕಳಿಸುತ್ತಿದ್ದರು, ಆಯ್ಕೆ ಭಾನುವಾರವಿತ್ತು.

"ನಿನ್ನ ಬಾಣ ಗುರಿ ಮುಟ್ಟೋದ್ರೊಳಗೆ ನನ್ನ ಬ್ರೆಡ್ ಬೆಂದಿರುತ್ತೆ ಕಣೋ" ಎಂದು ಭಾವ ಛೇಡಿಸಿದ.

ಆ ಮಾತು ಕ್ಷೌರಿಕನಿಗೆ ಚೆನ್ನಾಗಿಯೇ ನಾಟಿತು. ಭಾರವಾದದ್ದನ್ನು ಹಗುರ ಮಾಡುವುದು ಅವನ ಕಸುಬು ತಾನೇ? ಶನಿವಾರ ಗಿರಾಕಿಯೊಬ್ಬನನ್ನು ಮುಖದ ತುಂಬ ನೊರೆ ಹಚ್ಚಿ ಕೂರಿಸಿ, ತನ್ನ ಮರದ ಬಾಣಗಳನ್ನೆಲ್ಲ ಕತ್ತಿಯಿಂದ ಹೆರೆದು ಕಡ್ಡಿ ಮಾಡಿದ.

ಮರುದಿನ ಅವನ ಮೊದಲ ಬಾಣ ಕಣ್ಣಿಗೆ ಕಾಣದಷ್ಟು ಜೋರಾಗಿ ಹಾರಿತು. ಆದರೆ ಹುಲ್ಲಿನ ಗುರಿಗೆ ತುದಿ ಚುಚ್ಚಿದಂತೆ ಮಾಡಿ ಕೆಳಗೆ ಬಿತ್ತು. ಬಿದ್ದ ಬಾಣಕ್ಕೆ ಅಂಕವಿಲ್ಲ. ಕೈಯಲ್ಲಿದ್ದ ಬಿಲ್ಲು ಗಡಗಡ ನಡುಗಿತು. ಭಾವನ ದಪ್ಪ ಬಾಣ ಸಾವಕಾಶವಾಗಿ ಹೋಗಿ ಗೇಣುದ್ದ ಒಳಗೆ ಕೂತಿತು.

"ನೋಡೋ, ಭಾರದ ಬಾಣ ನಿಧಾನ ಹೋದ್ರೂ ಬಿಲ್ಲಿನ ಶಕ್ತಿನ ಹೊತ್ಕೊಂಡು ಹೋಗುತ್ತೆ. ನಿಂದು ಅದನ್ನ ಬಿಲ್ಲಲ್ಲೇ ಬಿಟ್ಟು ಓಡುತ್ತೆ. ಬಿಲ್ಲು ಮುರಿದೀತು!" ಎಂದ ಭಾವ.

"ಯಾಕೆ ಭಾವ, ಸೋಲೋ ಭಯಾನಾ?" ಎಂದು ಕ್ಷೌರಿಕ ಇನ್ನೂ ತೆಳ್ಳಗಿನದನ್ನು ಹೂಡಿ ಬಿಟ್ಟ. ಫಟ್ಟೆಂದು ಬಿಲ್ಲು ಎರಡು ತುಂಡಾಯಿತು.

ಭಾವ ಓಡಿ ಬಂದು ಕೈ ಹಿಡಿದು ತಿರುಗಿಸಿ ನೋಡಿದ. "ಬೆರಳೆಲ್ಲ ಇವೆ. ಇಲ್ದಿದ್ರೆ ನಿಮ್ಮಕ್ಕ ನನ್ನನ್ನೇ ಒಲೆಗೆ ಹಾಕ್ತಿದ್ಲು."

ಕ್ಷೌರಿಕನ ಬಿಲ್ಲು ಹೋಯಿತು, ಪಂದ್ಯವೂ ಭಾವನ ಪಾಲಾಯಿತು. ಅವನಿಗೆ ದಕ್ಕಿದ್ದು ಭಾವನ ಹಳೆಯ ಬಿಲ್ಲು ಮತ್ತು ಒಂದು ಕಟ್ಟು ದಪ್ಪ ಬಾಣ.