ನಿಂತ ಮೇಲೆ ಎತ್ತು

ಹಡಗಿನ ಮೂತಿ ಕಿಟಕಿಯ ಎಡ ಅಂಚಿನಿಂದ ಒಳಗೆ ಬರುತ್ತಿದೆ, ಪಕ್ಕೆಯ ಮೇಲೆ ನಾಲ್ಕು ಬಿಳಿ ಅಕ್ಷರ, ಚೀನಾದ ಹಡಗು, ಮೂರನ್ನು ಕೊಜುಯೆ ಓದಬಲ್ಲಳು, ನಾಲ್ಕನೆಯದರ ಗೆರೆಗಳನ್ನು ಆ ದೇಶದವರು ಕತ್ತರಿಸಿ ಮೋಟು ಮಾಡಿಟ್ಟಿದ್ದಾರೆ, ಅಪ್ಪ ಮೊದಲಿನಂತಿದ್ದರೆ ಗೊಣಗುತ್ತಿದ್ದರು, ಅಕ್ಷರ ಕೊಟ್ಟವರೇ ಹೀಗೆ ಅದರ ಕೈಕಾಲು ಮುರಿದರೆ ಇಸ್ಕೊಂಡೋರು ಏನ್ ಮಾಡ್ಬೇಕು ಅಂತ — ಈಗ ಅಪ್ಪ ಏನೂ ಅನ್ನುವುದಿಲ್ಲ, ಈ ಆರೈಕೆ ಮನೆಯ ಗಾಲಿಕುರ್ಚಿಯಲ್ಲಿ ಕೂತು ಜಲಸಂಧಿ ನೋಡುತ್ತಾರೆ, ತಲೆಯಲ್ಲಿ ರಕ್ತನಾಳ ಒಡೆದು ಐದು ತಿಂಗಳಾಯಿತು, ಮಾತು ಹೋಯಿತು, ಬಲಗೈ ಹೋಯಿತು, ಶಿಮೊನೊಸೆಕಿಯ ಅರ್ಧದಷ್ಟು ಮೀನಿನ ಹೋಟೆಲುಗಳಿಗೆ ಬೋರ್ಡು ಬರೆದ ಕೈ ತೊಡೆಯ ಮೇಲೆ ಮಡಿಸಿಟ್ಟ ಟವೆಲಿನ ಹಾಗೆ ಬಿದ್ದುಕೊಂಡಿದೆ. ಅವಳು ಪಕ್ಕದಲ್ಲಿ, ತಾನೂ ಕಿಟಕಿಗೆ ಮುಖಮಾಡಿ ಕೂತು ಕಿತ್ತಳೆ ಸುಲಿಯುತ್ತಾಳೆ, ಬಿಳಿ ನಾರು ಒಂದೆಳೆಯೂ ಉಳಿಯಬಾರದು, ಉಳಿದರೆ ಉಗುಳುತ್ತಾರೆ, ಬುಧವಾರ ಒಂದು ಭಾನುವಾರ ಒಂದು ಅಂತ ಇಲ್ಲಿಯವರೆಗೆ ಎಷ್ಟು ಕಿತ್ತಳೆಯಾಯಿತೋ, ಬಸ್ಸಿಳಿದು ಆ ದಿಣ್ಣೆ ಹತ್ತುವಾಗ ಮೊಣಕಾಲು ಲೆಕ್ಕ ಇಡುತ್ತದೆ, ಅವಳು ಇಡುವುದಿಲ್ಲ. ಇವತ್ತೊಂದು ದಿನ ಕೈ ಚಾಚಿ ಕೇಳುವುದು, ಆಗದಿದ್ದರೆ ಇನ್ನು ಕೇಳುವುದೇ ಬೇಡ, ಬರುವುದು, ಸುಲಿದು ತಿನ್ನಿಸುವುದು, ಹೋಗುವುದು, ಅಷ್ಟೇ, ಬಸ್ಸಿನಲ್ಲೇ ತೀರ್ಮಾನವಾಗಿದೆ.

ಡಾಕ್ಟರು ಮೇಜಿನ ಮೇಲೆ ಎರಡು ಡಬ್ಬಿ ಇಟ್ಟು ತೋರಿಸಿದ್ದರು, ನೋಡಿ, ಚೀನಾದಿಂದ ಬಂದ ಕಾಂಜಿ ಅಕ್ಷರ, ಒಂದೊಂದಕ್ಕೂ ಅರ್ಥ ಇರೋದು, ಅದು ಈ ಡಬ್ಬಿ, ಬರೀ ಉಚ್ಚಾರಕ್ಕೆ ಅಂತ ನಾವು ಜಪಾನಿನವರು ಮಾಡ್ಕೊಂಡ ಹಿರಗಾನ ಆ ಡಬ್ಬಿ, ನಿಮ್ಮ ತಂದೆಯವರಿಗೆ ಎರಡನೇದು ಪೂರಾ ಮುಚ್ಚಿಹೋಗಿದೆ, ಮೊದಲನೇದು ಆಗಾಗ ತೆರ್ಕೊಳ್ಳುತ್ತೆ — ಒಂದನೇ ಕ್ಲಾಸಿನ ಮಕ್ಕಳು ಬರೆಯುವ ಸುಲಭದ್ದು ಹೋಯಿತು, ಕಷ್ಟದ್ದು ಉಳಿಯಿತು, ಅಪ್ಪನ ಸ್ವಭಾವಕ್ಕೆ ಸರಿಯಾಗಿಯೇ ಇದೆ ಅಂದುಕೊಂಡಳು, ಆಮೇಲೆ ಬಸ್ ನಿಲ್ದಾಣದಲ್ಲಿ ನಿಂತಾಗ ಹೊಳೆಯಿತು, ತನ್ನ ಹೆಸರು ಆ ಎರಡನೇ ಡಬ್ಬಿಯಲ್ಲಿದೆ. ಕೊ, ಜು, ಯೆ, ಮೂರೂ ಹಿರಗಾನ, ಬೇಕೆಂದೇ ಹಾಗೆ ಇಟ್ಟದ್ದು, ಅಮ್ಮ ಹೇಳುತ್ತಿದ್ದಳು, ನಿಮ್ಮಪ್ಪ ನೋಂದಣಿ ಕಚೇರಿಗೆ ಹೋಗಿ ಹಟ ಹಿಡಿದ್ರು ಕಣೇ, ದಿನವಿಡೀ ಎಲುಬಿನಂಥ ಅಕ್ಷರ ಬರೆದು ಸಾಕಾಗಿದೆ, ಮನೇಲಾದ್ರೂ ಒಂದು ಮೆತ್ತಗಿನ ಹೆಸರಿರಲಿ ಅಂತ, ಅಂಗಡಿ ಹಿಂದಿನ ಮರದ ತುತ್ತತುದಿ ನೋಡಿ ಇಟ್ಟದ್ದು, ಕೊಜುಯೆ ಅಂದ್ರೆ ಅದೇ ತಾನೇ, ಕೊಂಬೆ ಇನ್ನು ಮುಗೀತು ಅನ್ನೋ ಜಾಗ. ಅಣ್ಣನಿಗೆ ಮಾತ್ರ ಇಪ್ಪತ್ತು ಗೆರೆಯ ಕಾಂಜಿ, ಇವಾವೊ, ಬಂಡೆ, ಸೆಂದಾಯ್‌ನಿಂದ ಒಂದೇ ಒಂದು ಸಲ ಬಂದ, ಅಪ್ಪ ಅವನ ಅಂಗೈ ಎಳೆದುಕೊಂಡು ಎಡಗೈ ಬೆರಳಲ್ಲಿ ಇಪ್ಪತ್ತು ಗೆರೆಯನ್ನೂ ಬರೆದರು, ಸೊಟ್ಟಂಪಟ್ಟ, ಆದರೆ ಒಂದು ಗೆರೆಯೂ ಹಿಂದೆಮುಂದೆ ಆಗಲಿಲ್ಲ, ನೀನೇನೂ ಅಂದ್ಕೋಬೇಡ, ಅಂಗಡಿಗೂ ಅದೇ ಹೆಸರಲ್ವಾ, ಕೈಗೆ ರೂಢಿ ಅಂದ ಅಣ್ಣ, ಅನ್ನುವಾಗ ಮುಖ ಊರಗಲ ಆಗಿತ್ತು, ಅವಳಿಗೆ ಹೊಟ್ಟೆ ಉರಿಯಿತು, ಐವತ್ತೆರಡು ವರ್ಷದವಳಿಗೆ, ನಾಚಿಕೆಗೇಡು, ಆದರೂ ಉರಿಯಿತು. ಮುಂದಿನ ಬುಧವಾರ ಔಷಧಿ ಚೀಟಿಯ ಹಿಂಬದಿಯಲ್ಲಿ ಮೂರಕ್ಷರ ದೊಡ್ಡದಾಗಿ ಬರೆದು ಮುಂದೆ ಹಿಡಿದಳು, ಅಪ್ಪ ಇರುವೆ ಸಾಲು ನೋಡುವ ಹಾಗೆ ನೋಡಿದರು, ಚೀಟಿ ವಾಪಸು ಕೊಟ್ಟು ತಲೆ ಬಗ್ಗಿಸಿದರು, ಗಿರಾಕಿಗೆ ಬಗ್ಗುವಷ್ಟೇ, ಅಂಗಡಿ ಬಾಗಿಲಲ್ಲಿ ನಿಂತು ಬಗ್ಗುತ್ತಿದ್ದರಲ್ಲ, ಅಷ್ಟೇ. ಕಳೆದುಹೋದದ್ದು ಬರೀ ಅಕ್ಷರವೋ, ಮಗಳೇ ಹೋದಳೋ, ಅದನ್ನು ಡಾಕ್ಟರೂ ಹೇಳಲಿಲ್ಲ.

ಹಿರೊಕಾನೆ ಸಾನ್, ಇವತ್ತು ಏನ್ ಬೇಕು ಬರೀರಿ ನೋಡೋಣ ಅಂತ ಅಪ್ಪನನ್ನು ಕೇಳುತ್ತ ಫಾನ್ ಬರುತ್ತಾಳೆ, ಚಿಂಗ್‌ದಾವೊ ಕಡೆಯ ಚೀನೀ ಹುಡುಗಿ, ಇಲ್ಲಿ ಅಪ್ಪನನ್ನು ನೋಡಿಕೊಳ್ಳುವವಳು, ನಮ್ಮ ಮಾತು ಇನ್ನೂ ಅರ್ಧಂಬರ್ಧ, ಆದರೆ ಅಂಗೈ ಕೊಟ್ಟರೆ ಸಾಕು, ಅಪ್ಪ ಬರೆಯುತ್ತಾರೆ, ಅವಳು ಓದುತ್ತಾಳೆ, ಕಿಟಕಿ, ಚಳಿ, ನೋವು, ಮೊದಲ ವಾರ ಬಿಸಿನೀರು ಅಂತ ಬರೆದದ್ದಕ್ಕೆ ಸಾರು ತಂದಿದ್ದಳಂತೆ, ಅವಳೂರಲ್ಲಿ ಆ ಅಕ್ಷರಕ್ಕೆ ಸಾರು ಅಂತ, ಅಪ್ಪ ಸದ್ದಿಲ್ಲದೆ ಕುಡಿದು ಇನ್ನೊಂದು ಬಟ್ಟಲು ಅಂತ ಬರೆದರಂತೆ, ನಿಮ್ಮಪ್ಪ ಭಾರಿ ಕಿಲಾಡಿ ಅಂತ ಅವಳು ನಗುವಾಗ ಕೊಜುಯೆಯೂ ನಕ್ಕಿದ್ದಳು, ಎಲ್ಲಿಂದಲೋ ಬಂದವಳ ಹೆಸರು ಕೂಡ ಬರೆಯುತ್ತಾರೆ, ನಗದೆ ಏನು ಮಾಡುವುದು. ನಿಮ್ಮ ಹೆಸರನ್ನ ಕಾಂಜಿಯಲ್ಲೂ ಬರೀಬಹುದಲ್ಲ, ನಮ್ಮಲ್ಲೂ ಅದೇ ಅಕ್ಷರ, ನಾನು ಹೇಳಿಕೊಡ್ಲಾ ಇವರಿಗೆ ಅಂತ ಫಾನ್ ಹೋದ ವಾರ ಕೇಳಿದ್ದಳು, ಬೇಡ, ಅದು ನನ್ನ ಹೆಸರಲ್ಲ ಅಂದುಬಿಟ್ಟಳು ಕೊಜುಯೆ, ಹೇಳಿಕೊಟ್ಟು ಬರೆಸಿದ್ದನ್ನು ತಗೊಂಡು ಏನು ಮಾಡಲಿ — ಕುಂಚದ ತುದಿ ನೆನಪಾಗುತ್ತದೆ, ಏಳು ವರ್ಷದವಳು, ಬಣ್ಣದ ವಾಸನೆಯ ಅಂಗಡಿ, ಅಪ್ಪನ ದೊಡ್ಡ ಕೈಯೊಳಗೆ ಅವಳ ಕೈ, ಗೆರೆ ಮುಗಿಯುತ್ತಿದ್ದಂತೆ ಕುಂಚ ಎತ್ತಿಬಿಡುತ್ತಿದ್ದಳು, ಗೆರೆಗೆ ಬಾಲ ಬರುತ್ತಿತ್ತು, ಯಾಕೆ ಅವಸರ, ನಿಲ್ಲಿಸು, ಒಂದು ಅಂತ ಎಣಿಸು, ನಿಂತ ಮೇಲೆ ಎತ್ತು ಅನ್ನುತ್ತಿದ್ದರು, ಹಲಗೆಯ ಮೇಲೆ ಕುಂಚದ ತುದಿ ನಿಂತಿರುತ್ತಿತ್ತು, ಅಲುಗದೆ.

ಹಡಗಿನ ಬಾಲ ಬಲ ಅಂಚಿನಲ್ಲಿ ಮಾಯವಾಗುತ್ತಿದೆ, ಕಿತ್ತಳೆ ಮುಗಿಯಿತು, ಅವಳು ಅಂಟಂಟು ಕೈಯನ್ನೇ ಅಪ್ಪನ ಕುರ್ಚಿಗೆ ಸಿಕ್ಕಿಸಿದ ಹಲಗೆಯ ಮೇಲೆ ಇಡುತ್ತಾಳೆ, ಅಂಗೈ ಮೇಲಾಗಿ, ಬೆರಳು ಕಿಟಕಿಯ ಕಡೆ, ನಾನ್ಯಾರು ಹೇಳಪ್ಪ, ಕೊನೆ ಸಲ ತಾನೇ. ಅಪ್ಪನ ಎಡಗೈ ಬೆರಳು ಬರುತ್ತದೆ, ಅಡ್ಡ ಒಂದು ಗೆರೆ, ನಿಂತು ಎತ್ತುತ್ತದೆ, ಉದ್ದ ಒಂದು, ಎಡಕ್ಕೊಂದು ಇಳಿಜಾರು, ಬಲಕ್ಕೊಂದು, ಮರ ಅಂತ ಬರೆದ್ರು ಅನ್ನುತ್ತಾಳೆ ಫಾನ್ ಬೆನ್ನ ಹಿಂದಿನಿಂದ, ಮರ, ತೋಟಕ್ಕೆ ಹೋಗ್ಬೇಕಾ ಹಿರೊಕಾನೆ ಸಾನ್, ಸರಿ, ತೋಟ, ಕರೆದುಕೊಂಡು ಹೋದರಾಯಿತು, ಕೊಜುಯೆ ಕೈ ಎಳೆದುಕೊಳ್ಳಲು ಹೋಗುತ್ತಾಳೆ, ಆಗುವುದಿಲ್ಲ, ಬೆರಳು ಒತ್ತಿ ಹಿಡಿದಿದೆ, ಉದ್ದ ಗೆರೆ ಶುರುವಾದಲ್ಲಿಗೆ ಮರಳಿ ಬಂದು ಅಲ್ಲಿಂದ ಮೇಲಕ್ಕೆ ಹೊರಟಿದೆ, ಅಂಗೈ ದಾಟಿ, ಅವಳ ನಡುಬೆರಳ ಬುಡ, ಒಂದು ಗೆಣ್ಣು, ಇನ್ನೊಂದು ಗೆಣ್ಣು, ನಿಧಾನ, ಗೆರೆ ಕೆಡಬಾರದು ಅನ್ನುವಷ್ಟು ನಿಧಾನ, ತುದಿಗೆ ಬಂತು, ಇನ್ನು ಮುಂದೆ ಬೆರಳಿಲ್ಲ, ನಿಂತಿತು, ಒಂದು ಅಂತ ಎಣಿಸಿದಳು, ಎತ್ತಲಿಲ್ಲ, ಎರಡು, ತುತ್ತತುದಿಯಲ್ಲಿ ಅಪ್ಪನ ಬೆರಳು, ಮೂರು, ಎತ್ತುತ್ತಿಲ್ಲ, ನಿಂತಿದೆ, ತುದಿಯಲ್ಲೇ ನಿಂತಿದೆ